ಅರ್ಧ ಇಂಚು ಮೇಲೆ ಒಂದು ಹೊಲಿಗೆ, ಅಷ್ಟೇ ಕೇಳಿದ್ದು

ಕತ್ತರಿಸಿಬಿಟ್ಟಿದ್ದಾರೆ ಟೈಲರ್. ಹಳೇ ಜೀನ್ಸ್ ಕತ್ತರಿಸಿ ಮಾಡ್ಕೊಂಡ ಶಾರ್ಟ್ಸ್‌ನ ಅಂಚಲ್ಲಿ ನಾನು ಎಳೆ ಎಳೆಯಾಗಿ ಬಿಡಿಸಿದ್ದ ಕುಚ್ಚನ್ನ ಪೂರ್ತಿ ಕತ್ತರಿಸಿ, ಒಂದಿಂಚು ಒಳಕ್ಕೆ ಮಡಚಿ, ಎಳೆ ಬಿಚ್ಚದ ಹಾಗೆ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕಿ, ಮೇಲಿಂದ ಇಸ್ತ್ರಿ ಮಾಡಿ ಕೊಟ್ಟಿದ್ದಾರೆ. ಇಸ್ತ್ರಿ ಮಾಡಿ ಅಂತ ಯಾರು ಕೇಳಿದ್ರು?

ಕೇಳಿದ್ದು ಒಂದೇ ಒಂದು. ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ್ದೆ. ‘ಅಣ್ಣಾ, ಅಂಚಿಂದ ಅರ್ಧ ಇಂಚು ಮೇಲೆ, ಈ ಗೆರೆ ಮೇಲೆ ಒಂದು ಸಾಲು ಹೊಲಿಗೆ ಓಡಿಸಿ, ಅಂಚು ಮುಟ್ಟಬೇಡಿ.’ ಮನೆ ಮಿಷನ್‌ನಲ್ಲಿ ಆಗಲ್ಲ. ಜೀನ್ಸ್‌ನ ಕಾಲಿನ ಜೋಡಣೆ ಇರೋ ಕಡೆ ಬಟ್ಟೆ ಮಡಿಕೆ ಮೇಲೆ ಮಡಿಕೆ ಕೂತಿರುತ್ತೆ, ಸಾಧಾರಣ ಸೂಜಿ ಅಲ್ಲಿಗೆ ಬಂದ ತಕ್ಷಣ ಮುರಿಯುತ್ತೆ. 18ನೇ ನಂಬರಿನ ದಪ್ಪ ಸೂಜಿ ಬೇಕು, ಆ ಮಡಿಕೆಗಳನ್ನ ಮೊದಲು ಸುತ್ತಿಗೆಯಲ್ಲಿ ನಾಲ್ಕು ಏಟು ಕುಟ್ಟಿ ಚಪ್ಪಟೆ ಮಾಡ್ಕೋಬೇಕು. ಅದಕ್ಕೇ ಪೇಟೆಗೆ ಹೋಗಿದ್ದು.

ಆ ಹೊಲಿಗೆ ಯಾಕೆ ಬೇಕು ಅಂತಾನೂ ಹೇಳಿದ್ದೆ. ಡೆನಿಮ್‌ನಲ್ಲಿ ಉದ್ದಕ್ಕೆ ಇಳಿಯೋ ಹಾಸಿನ ಎಳೆಗೆ ಮಾತ್ರ ನೀಲಿ, ಅಡ್ಡ ಹೋಗೋ ಹೊಕ್ಕು ಬಿಳಿ. ಕತ್ತರಿಸಿದ ಅಂಚಲ್ಲಿ ಹೊಕ್ಕನ್ನ ಸೂಜಿ ತುದಿಯಿಂದ ಎಬ್ಬಿಸಿ ಒಂದೊಂದಾಗಿ ಎಳೆದು ತೆಗೆದ್ರೆ ಹಾಸು ಕುಚ್ಚಾಗಿ ಇಳಿಯುತ್ತೆ. ಮೇಲೆ ತಡೆ ಹೊಲಿಗೆ ಇಲ್ಲದಿದ್ರೆ ಪ್ರತಿ ಒಗೆತಕ್ಕೂ ಕುಚ್ಚು ಮೇಲೇರ್ತಾ ಹೋಗುತ್ತೆ, ಬಟ್ಟೆ ಸವೀತಾ ಹೋಗುತ್ತೆ. ಇಷ್ಟೇ ವಿಷಯ.

ಅವರು ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ. ಅಂಗಡಿಯಲ್ಲಿ ರವಿಕೆ ಅಳತೆಗೆ ಬಂದಿದ್ದ ಮೂರು ಜನ ಹೆಂಗಸರು. ಅವರೆದುರಿಗೆ ಶಾರ್ಟ್ಸ್‌ನ ಎರಡೂ ಕಾಲು ಹಿಡಿದು ಮೇಲಕ್ಕೆತ್ತಿ, ತಿರುಗಿಸಿ ತಿರುಗಿಸಿ ತೋರಿಸ್ತಾ, ‘ಏನಮ್ಮಾ, ಚೆನ್ನಾಗಿರೋ ಪ್ಯಾಂಟ್‌ನ ಇಲಿ ಕಡಿದಂಗೆ ಮಾಡ್ಕೊಂಡಿದ್ಯಲ್ಲ, ಸುಣ್ಣದ ನೀರು ಬೇರೆ ಬಿದ್ದದೆ. ನೀಟಾಗಿ ಮಡಚಿ ಹೊಲಿದಿದೀನಿ, ಇಪ್ಪತ್ತು ರೂಪಾಯಿ ಜಾಸ್ತಿ ಕೊಡು.’ ಹೆಂಗಸರು ನಕ್ಕರು. ಒಬ್ಬರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ಅಂಗಡಿ ಬಾಗಿಲಲ್ಲೇ ‘ಸೀರೆಗೆ ಕುಚ್ಚು ಕಟ್ಟಿಕೊಡಲಾಗುತ್ತದೆ’ ಅಂತ ಬೋರ್ಡ್ ಇದೆ. ಸೀರೆ ಸೆರಗಿನ ಕುಚ್ಚಿಗೆ ದುಡ್ಡು ಕೊಟ್ಟು ಕಾಯ್ತಾರೆ, ಜೀನ್ಸ್‌ನ ಕುಚ್ಚು ಇಲಿ ಕಡಿದಿದ್ದು! ಆ ಇಪ್ಪತ್ತನ್ನೂ ಕೊಟ್ಟು ಬಂದೆ. ಯಾಕೆ ಕೊಟ್ಟೆ?

ಹೋಗ್ಲಿ ಬಿಡಿ, ಹಳೇ ಪ್ಯಾಂಟ್ ತಾನೇ ಅಂತೀರಿ. ಹೇಗೆ ಬಿಡೋದು? ‘ಸುಣ್ಣದ ನೀರು’ ಅಂದ್ರಲ್ಲ, ಅದು ನಾನು ಬ್ಲೀಚ್‌ನಲ್ಲಿ ಅದ್ದಿ ಬರಿಸಿದ ಬಿಳುಪು, ಅದರ ಹಿಂದೆ ಎರಡು ದಿನದ ಕೆಲಸ ಇದೆ.

ಕೋಲಾರದಲ್ಲಿ ಅಂಗಡಿಗೆ ಹೋಗಿ ಬ್ಲೀಚ್ ಅಂದ್ರೆ ಚರಂಡಿಗೆ ಹಾಕೋ ಬ್ಲೀಚಿಂಗ್ ಪೌಡರ್ ಕೊಡ್ತಾರೆ. ಅದರ ಕರಗದ ಹರಳು ಬಟ್ಟೆ ಮೇಲೆ ಕೂತ ಕಡೆ ತೂತು. ಬಾಟಲಿ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಅಂತ ಇರೋದೇ ಬೇಕು, ತಯಾರಾದ ತಿಂಗಳೂ ನೋಡಬೇಕು, ಹಳೇದಾದಷ್ಟೂ ಅದರ ಶಕ್ತಿ ಇಳಿಯುತ್ತೆ. ನೀರಿನ ಕಥೆ ಇನ್ನೊಂದು. ಬೋರ್ ನೀರನ್ನ ರಾತ್ರಿ ಬಕೆಟ್‌ನಲ್ಲಿ ಇಟ್ಟಾಗ ತಳದಲ್ಲಿ ಕೆಂಪಗೆ ಕೂತ್ರೆ ಅದರಲ್ಲಿ ಕಬ್ಬಿಣ ಇದೆ ಅಂತ. ಬ್ಲೀಚ್ ಬಿದ್ದ ತಕ್ಷಣ ಅದು ತುಕ್ಕಾಗಿ ಬಟ್ಟೆಗೆ ಹಿಡಿಯುತ್ತೆ, ಬಿಳಿ ಬರಬೇಕಾದ ಜಾಗದಲ್ಲಿ ಕಂದು ಕಲೆ. ಫಿಲ್ಟರ್ ನೀರಿನ ಕ್ಯಾನ್ ಹೊತ್ತು ತರಬೇಕು.

ಪ್ಲಾಸ್ಟಿಕ್ ಬಕೆಟ್, ಕೈಗೆ ಗ್ಲೌಸ್, ಕಿಟಕಿ ಬಾಗಿಲು ತೆರೆದಿರಬೇಕು. ಒಂದು ಪಾಲು ಬ್ಲೀಚಿಗೆ ಮೂರು ಪಾಲು ತಣ್ಣೀರು. ಬಟ್ಟೆಯನ್ನ ಮೊದಲು ಬರೀ ನೀರಲ್ಲಿ ನೆನೆಸಿ ಹಿಂಡಬೇಕು, ಒಣಗಿದ್ದನ್ನ ಅದ್ದಿದ್ರೆ ಗೆರೆ ಹೊಡೆದ ಹಾಗೆ ಬಣ್ಣ ನಿಲ್ಲುತ್ತೆ. ನಾಲ್ಕಿಂಚು ಅದ್ದಿ ಐದು ನಿಮಿಷ, ಮೇಲೆತ್ತಿ ಎರಡಿಂಚು ಮಾತ್ರ ಇನ್ನು ಹತ್ತು ನಿಮಿಷ. ಆಗ ಕೆಳಗಡೆ ಬಿಳಿ, ಮೇಲೆ ಹೋಗ್ತಾ ಹೋಗ್ತಾ ನೀಲಿ. ಒದ್ದೆ ಬಟ್ಟೆ ಗಾಢವಾಗಿ ಕಾಣುತ್ತೆ, ಹಾಗಾಗಿ ಬೇಕಾದ ಬಣ್ಣಕ್ಕಿಂತ ಸ್ವಲ್ಪ ಮುಂಚೆನೇ ತೆಗೀಬೇಕು. ಲೈಕ್ರಾ ಅನ್ನೋ ಹಿಗ್ಗೋ ನೂಲು ಸೇರಿದ ಜೀನ್ಸ್ ಆದ್ರೆ ಹಳದಿ ತಿರುಗುತ್ತೆ, ಎಲಾಸ್ಟಿಕ್ ಸತ್ತು ಜೋತುಬೀಳುತ್ತೆ. ಕರಿ ಜೀನ್ಸ್ ಬಿಳಿ ಆಗಲ್ಲ, ಸಾಮಾನ್ಯವಾಗಿ ಕೆಂಗಂದು ಆಗುತ್ತೆ.

ಆಮೇಲೆ ಬರೀ ನೀರಲ್ಲಿ ಜಾಲಿಸಿದ್ರೆ ಸಾಲದು, ಒಳಗುಳಿದ ಬ್ಲೀಚ್ ಹತ್ತಿಯ ಎಳೆಯನ್ನ ತಿಂತಾನೇ ಇರುತ್ತೆ. ಅದನ್ನ ನಿಲ್ಲಿಸೋಕೆ ಮೀನಿನ ತೊಟ್ಟಿ ಸಾಮಾನು ಮಾರೋ ಅಂಗಡಿಯಲ್ಲಿ ಹೈಪೋ ಹರಳು ಸಿಗುತ್ತೆ, ಸೋಡಿಯಂ ಥಯೋಸಲ್ಫೇಟ್. ಚೆನ್ನಾಗಿ ಜಾಲಿಸಿದ ಮೇಲೆ ಲೀಟರಿಗೆ ಒಂದು ಚಮಚ ಹಾಕಿದ ನೀರಲ್ಲಿ ಹತ್ತು ನಿಮಿಷ. ಯಾರೋ ಹೇಳಿದ್ರು ಅಂತ ನಿಂಬೆಹಣ್ಣೋ ವಿನೆಗರೋ ಟಾಯ್ಲೆಟ್ ಆ್ಯಸಿಡ್ಡೋ ಬ್ಲೀಚ್‌ಗೆ ಸುರೀಬೇಡಿ, ಕ್ಲೋರಿನ್ ಅನಿಲ ಏಳುತ್ತೆ, ಜೀವಕ್ಕೇ ಅಪಾಯ.

ಇಷ್ಟೆಲ್ಲಾ ಮಾಡಿ ಬರಿಸಿದ ಎರಡಿಂಚು ಬಿಳುಪು ಅದು. ಅರ್ಧ ಇಂಚು ಕತ್ತರಿಗೆ ಹೋಯ್ತು, ಒಂದಿಂಚು ಮಡಿಕೆ ಒಳಗೆ ಹೋಯ್ತು. ಈಗ ಹೊರಗೆ ಕಾಣೋದು ಅರ್ಧ ಇಂಚಿನ ಪಟ್ಟಿ. ನಿಜವಾಗಲೂ ಸುಣ್ಣದ ನೀರು ಬಿದ್ದ ಹಾಗೇ ಕಾಣುತ್ತೆ ಈಗ!

ಮಡಿಕೆ ಬಿಚ್ಚಬಹುದು, ಗೊತ್ತು. ಒಂದಿಂಚು ವಾಪಸ್ ಬರುತ್ತೆ. ಅದರಲ್ಲಿ ಓವರ್‌ಲಾಕ್ ತಿಂದ ಅಂಚು, ಮತ್ತೆ ಕುಚ್ಚಿಗೆ ಅರ್ಧ ಇಂಚು ಕಳೆದ್ರೆ ಉದ್ದ ಸಾಲಲ್ಲ. ಬಿಚ್ಚೋದೂ ಬೇಡ, ಹೀಗೇ ಇರಲಿ ಅನ್ನಿಸುತ್ತೆ. ಮತ್ತೆ ಅದನ್ನೇ ಎತ್ಕೊಂಡು ನೋಡ್ತೀನಿ, ಹೊಟ್ಟೆ ಉರಿಯುತ್ತೆ.

ಒಂದಕ್ಕೆ ಉತ್ತರ ಕೊಡಿ, ಯಾರಾದ್ರೂ ಸರಿ. ಗೆರೆ ಎಳೆದು, ಬಾಯಲ್ಲಿ ಹೇಳಿ, ಎರಡು ಸಲ ಹೇಳಿ ಕೊಟ್ಟ ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಒಂದು ಫೋನ್ ಮಾಡೋಕೆ ಏನು ಕಷ್ಟ? ನಂಬರ್ ಚೀಟಿ ಮೇಲೇ ಇತ್ತು.

ಕೋಲಾರದಲ್ಲಿ, ಇಲ್ಲ ಮುಳಬಾಗಿಲು, ಬಂಗಾರಪೇಟೆ ಕಡೆ ಆದ್ರೂ ಪರವಾಗಿಲ್ಲ, ಹೇಳಿದ ಗೆರೆ ಮೇಲೆ ಹೇಳಿದಷ್ಟೇ ಹೊಲಿಯೋ ಟೈಲರ್ ಯಾರಾದ್ರೂ ಗೊತ್ತಿದ್ರೆ ಹೇಳಿ. ಇನ್ನೊಂದು ಜೀನ್ಸ್ ಇದೆ. 18ನೇ ನಂಬರ್ ಸೂಜಿ ಇದೆಯಾ, ಅಂಚು ಮುಟ್ಟದೇ ಬಿಡ್ತಾರಾ, ಇವೆರಡನ್ನೂ ಅವರನ್ನ ಮೊದಲೇ ಕೇಳಿ ಹೇಳಿ.