ಒಂದು ಕೀ, ಎರಡು ದನಿ

ಡಿಜಿಟಲ್ ಪಿಯಾನೊ ಮನೆಗೆ ಬಂದ ಹೊಸದರಲ್ಲಿ ಯಾರೂ ಪಿಯಾನೊ ನುಡಿಸುವುದಿಲ್ಲ, ಬಟನ್ ನುಡಿಸುತ್ತಾರೆ. ಬಲಗೈ ಅದದೇ ಮೂರು ಸ್ವರಗಳ ಮೇಲೆ ಕೂತಿರುತ್ತದೆ, ಎಡಗೈ ಒಂದೊಂದಾಗಿ ಟೋನ್ ಬದಲಿಸುತ್ತ ಹೋಗುತ್ತದೆ. ಗ್ರ್ಯಾಂಡ್ ಪಿಯಾನೊ ಆಯಿತು, ಎಲೆಕ್ಟ್ರಿಕ್ ಪಿಯಾನೊ ಆಯಿತು, ಹಾರ್ಪ್ಸಿಕಾರ್ಡ್, ಚರ್ಚ್ ಆರ್ಗನ್, ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವೈಬ್ರಾಫೋನ್, ಪಿಟೀಲುಗಳ ಮೇಳದ ಸ್ಟ್ರಿಂಗ್ಸ್, ಕೊನೆಗೆ ‘ಆ...’ ಎಂದು ಬಾಯಿ ತೆರೆದು ನಿಂತ ಗಾಯಕವೃಂದ. ಪಕ್ಕದ ಕೋಣೆಯಲ್ಲಿದ್ದವರು ‘ಇದರಲ್ಲಿ ಹಾಡು ಬರೋದಿಲ್ವಾ?’ ಎಂದು ಕೇಳುವವರೆಗೂ ಈ ಮೆರವಣಿಗೆ ನಿಲ್ಲುವುದಿಲ್ಲ. ಕಲಿಸುವವರು ಇದನ್ನು ಚಪಲ ಎನ್ನುತ್ತಾರೆ. ಮೊದಲನೆಯ ಟೋನ್ ಬಿಟ್ಟು ಬೇರೆಯದನ್ನು ಮುಟ್ಟಲೇಬಾರದು ಎಂದು ಆಣೆ ಹಾಕಿಸುವವರೂ ಉಂಟು. ನಾನು ಚಪಲದ ಪಕ್ಷ. ಬೆರಳಿಗೆ ಶಿಸ್ತು ಬರಲು ಆ ಒಂದು ಟೋನ್ ಸಾಕು, ಒಪ್ಪಿದೆ. ಕಿವಿಗೆ ಬುದ್ಧಿ ಬರಬೇಕಾದರೆ ಉಳಿದವೂ ಬೇಕು.

ಎಷ್ಟು ಟೋನ್ ಇದ್ದರೆ ಸಾಕು ಎಂಬ ವಿಷಯದಲ್ಲಿ ಪಿಯಾನೊ ತಯಾರಿಸುವವರಲ್ಲೇ ಒಮ್ಮತವಿಲ್ಲ. ಕೆಲವು ಪಿಯಾನೊಗಳು ಹತ್ತು ಹದಿನೈದಕ್ಕೇ ತೃಪ್ತ, ಕೆಲವಕ್ಕೆ ನೂರಾರು ಇದ್ದರೂ ಸಾಲದು. 1991ರಲ್ಲಿ ಜನರಲ್ ಮಿಡಿ ಎಂಬ ಒಪ್ಪಂದವಾಗಿ 128 ವಾದ್ಯಗಳ ಪಟ್ಟಿಯೊಂದು ಗಟ್ಟಿಯಾಯಿತು. ಯಾವ ಕಂಪನಿಯ ಯಂತ್ರವಾದರೂ ಆ ಪಟ್ಟಿಯನ್ನು ಒಪ್ಪಿಕೊಂಡರೆ 1 ಎಂದಾಗ ಗ್ರ್ಯಾಂಡ್ ಪಿಯಾನೊ, 41 ಎಂದಾಗ ಪಿಟೀಲು, 105ಕ್ಕೆ ಸಿತಾರ್, 112ಕ್ಕೆ ಶಹನಾಯಿ ಕೇಳಿಸಬೇಕು. ಪಟ್ಟಿಯ ಬಾಲ ಮಾತ್ರ ವಿಚಿತ್ರವಾಗಿದೆ. 123 ಕಡಲ ತೀರ, 124 ಹಕ್ಕಿಯ ಚಿಲಿಪಿಲಿ, 125 ಟೆಲಿಫೋನ್ ಗಂಟೆ, 126 ಹೆಲಿಕಾಪ್ಟರ್, 127 ಚಪ್ಪಾಳೆ, 128 ಬಂದೂಕಿನ ಗುಂಡು. ಚಪ್ಪಾಳೆಯ ಬೆನ್ನಿಗೇ ಗುಂಡನ್ನು ಇಟ್ಟ ಪುಣ್ಯಾತ್ಮರು ಯಾವ ಕಚೇರಿಯಿಂದ ಎದ್ದು ಬಂದಿದ್ದರೋ! ಗ್ರ್ಯಾಂಡ್ ಪಿಯಾನೊ ಜೊತೆಗೆ ಚಪ್ಪಾಳೆಯನ್ನು ಲೇಯರ್ ಮಾಡಿ, ಅಂದರೆ ಒಂದೇ ಕೀಗೆ ಎರಡನ್ನೂ ಕಟ್ಟಿ, ನುಡಿಸಿದರೆ ಪ್ರತಿ ಸ್ವರಕ್ಕೂ ಆಗಿಂದಾಗಲೇ ಮೆಚ್ಚುಗೆ ಸಿಗುತ್ತದೆ. ಅಪಸ್ವರಕ್ಕೂ ಅಷ್ಟೇ ಧಾರಾಳ.

ಟೋನಿನ ಹೆಸರನ್ನು ಪೂರ್ತಿ ನಂಬುವಂತಿಲ್ಲ. ಪಿಯಾನೊದ 88 ಕೀಗಳು ಕೆಳಗೆ 27.5 ಹರ್ಟ್ಸ್‌ನಿಂದ ಮೇಲೆ ಸುಮಾರು 4186 ಹರ್ಟ್ಸ್‌ವರೆಗೆ ಹರಡಿಕೊಂಡಿವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಶ್ರುತಿ ಮಾಡಿದ ಪಿಟೀಲು ಸುಮಾರು 196 ಹರ್ಟ್ಸ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ, ಅಲ್ಲಿಗೆ ಅದರ ಕೊನೆಯ ತಂತಿ ಮುಗಿಯಿತು. ಯಂತ್ರಕ್ಕೆ ಈ ಸಂಕೋಚವಿಲ್ಲ. ‘ವಯೊಲಿನ್’ ಆರಿಸಿ ಎಡತುದಿಯ ಕೀ ಒತ್ತಿದರೆ, ಧ್ವನಿಮುದ್ರಿಸಿಟ್ಟ ತುಣುಕನ್ನೇ (ಸ್ಯಾಂಪಲ್) ಹಿಗ್ಗಿಸಿ ಗೊರಗೊರ ಎಂದು ಏನನ್ನೋ ಕೇಳಿಸುತ್ತದೆ. ಅಂಥ ಪಿಟೀಲು ನಿಜವಾಗಿ ಇದ್ದಿದ್ದರೆ ಅದನ್ನು ಎದೆಗೆ ಆನಿಸಿಕೊಳ್ಳುವ ಬದಲು ಅದರ ಮೇಲೆ ಹಾಸಿಗೆ ಹಾಸಿ ಮಲಗಬಹುದಿತ್ತು. ಗಾಯಕವೃಂದವೂ ಹೀಗೇ, ಯಾವ ಗಂಟಲೂ ಹಾಡಿ ನೋಡದ ಆಳದಲ್ಲಿ ನಿಶ್ಚಿಂತೆಯಿಂದ ‘ಆ’ ಎನ್ನುತ್ತದೆ. ಇವು ಸುಳ್ಳು ದನಿಗಳೆಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಗೊರಗೊರ ಇಷ್ಟ. ಎಲ್ಲೂ ಇಲ್ಲದ ವಾದ್ಯ ಬೆರಳ ತುದಿಯಲ್ಲಿ ಸಿಗುವುದಾದರೆ ನಷ್ಟ ಯಾರಿಗೆ?

ನಷ್ಟ ಆಗುವುದು ಬೇರೆ ಕಡೆ. ಪಿಟೀಲಿನ ಪ್ರಾಣ ಇರುವುದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದರಲ್ಲಿ, ಸಿತಾರಿನದು ತಂತಿಯನ್ನು ಎಳೆದು ಹುಟ್ಟಿಸುವ ಮೀಂಡಿನಲ್ಲಿ. ಕೀ ಎಂಬುದು ಒತ್ತಿದಲ್ಲೇ ನಿಲ್ಲುವ ಜಾತಿ. ಶಹನಾಯಿ ಟೋನ್ ಹಾಕಿಕೊಂಡು ಗಮಕಕ್ಕಾಗಿ ಬೆರಳನ್ನು ಎಷ್ಟು ಅಲುಗಿಸಿದರೂ ಸ್ವರ ಜಪ್ಪಯ್ಯ ಎನ್ನುವುದಿಲ್ಲ. ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರ ಇರುವ ಕೀಬೋರ್ಡುಗಳಲ್ಲಿ ಸ್ವಲ್ಪ ಸಮಾಧಾನ ಸಿಗುತ್ತದೆ. ಮನೆಯ ಡಿಜಿಟಲ್ ಪಿಯಾನೊಗಳಲ್ಲಿ ಆ ಚಕ್ರ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಸಿತಾರ್, ಶಹನಾಯಿಗಳು ಅಲ್ಲಿ ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ನಿಂತಿರುತ್ತವೆ.

ಕೀಗಳಿಂದಲೇ ಹುಟ್ಟಿದ ವಾದ್ಯಗಳ ಟೋನ್‌ಗಳು ಚೆನ್ನಾಗಿ ಹೊಂದುತ್ತವೆ. ಆದರೆ ಅವಕ್ಕೂ ಷರತ್ತುಗಳಿವೆ. ಟೋನ್ ಬದಲಾದರೆ ಕೈ ಬದಲಾಗಬೇಕು, ನನ್ನ ತಕರಾರೆಲ್ಲ ಇಷ್ಟೇ. ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಸುತ್ತಿಗೆ ಬಡಿಯುವುದಿಲ್ಲ, ಒಂದು ಪುಟ್ಟ ಮೊನೆ ಮೀಟುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಕುಟ್ಟಿದರೂ ದನಿ ಹೆಚ್ಚುಕಡಿಮೆ ಅಷ್ಟೇ. ಈ ಕೊರತೆಯನ್ನು ನೀಗಿಸಲೆಂದೇ 1700ರ ಸುಮಾರಿಗೆ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಸುತ್ತಿಗೆಯಿಟ್ಟು ಪಿಯಾನೊ ಮಾಡಿದ್ದು. ಒಳ್ಳೆಯ ಡಿಜಿಟಲ್ ಪಿಯಾನೊಗಳು ಹಾರ್ಪ್ಸಿಕಾರ್ಡ್ ಆರಿಸಿದ ಕೂಡಲೇ ಒತ್ತುವ ಬಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೀ ಬಿಟ್ಟಾಗ ಆ ಮೊನೆ ಮರಳಿ ಬೀಳುವ ಟಿಕ್ ಸದ್ದನ್ನೂ ಕೇಳಿಸುತ್ತವೆ. ಮುನ್ನೂರು ವರ್ಷಗಳ ಹಿಂದೆ ಕಷ್ಟಪಟ್ಟು ಕಳೆದುಕೊಂಡ ದೋಷವನ್ನು ಎಷ್ಟು ಮುತುವರ್ಜಿಯಿಂದ ವಾಪಸು ತಂದಿದ್ದಾರೆ ನೋಡಿ!

ಆರ್ಗನ್ ಇನ್ನೊಂದು ಬಗೆ. ಅಲ್ಲಿ ಸ್ವರ ಕ್ಷೀಣಿಸುವುದೇ ಇಲ್ಲ, ಬೆರಳು ಎತ್ತುವವರೆಗೂ ಒಂದೇ ಸಮನೆ ನಿಂತಿರುತ್ತದೆ, ಎತ್ತಿದರೆ ತಟ್ಟನೆ ನಿಲ್ಲುತ್ತದೆ. ಪಿಯಾನೊದಲ್ಲಿ ಸ್ವರವನ್ನು ಹಿಡಿದಿಡುವ ಪೆಡಲ್ ಮೇಲೆ ಭಾರ ಹಾಕಿ ಬೆರಳನ್ನು ಬೇಕಾದಲ್ಲಿ ಎತ್ತಿ ಅಭ್ಯಾಸವಾದವರಿಗೆ ಆರ್ಗನ್ ಟೋನ್ ಸೋಮಾರಿತನವನ್ನೆಲ್ಲ ಬಯಲಿಗಿಡುತ್ತದೆ. ಎಲೆಕ್ಟ್ರಿಕ್ ಪಿಯಾನೊ ಮಾತ್ರ ಎಲ್ಲರನ್ನೂ ಕ್ಷಮಿಸುತ್ತದೆ. ಆ ದನಿಯ ಮೂಲಪುರುಷ ಹೆರಾಲ್ಡ್ ರೋಡ್ಸ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರು ಹಾಸಿಗೆಯಲ್ಲೇ ಕೂತು ಕಲಿಯಲೆಂದು ವಿಮಾನದ ಬಿಡಿಭಾಗಗಳಿಂದ ಪುಟ್ಟ ಪಿಯಾನೊ ಕಟ್ಟಿದವನು. ಮುಂದೆ ಅವನ ವಾದ್ಯದಲ್ಲಿ ಸುತ್ತಿಗೆ ತೆಳ್ಳಗಿನ ಉಕ್ಕಿನ ಕಡ್ಡಿಯೊಂದನ್ನು ಹೊಡೆಯುವಂತಾಯಿತು. ಮೃದುವಾಗಿ ನುಡಿಸಿದರೆ ಕಿರುಗಂಟೆ, ಬಲವಾಗಿ ನುಡಿಸಿದರೆ ಗುರ್ ಎನ್ನುವ ಸಿಡುಕು. ಒಂದೇ ಟೋನಿನಲ್ಲಿ ಎರಡು ಸ್ವಭಾವ. ಬೆರೆಸಲು ಇದಕ್ಕಿಂತ ಒಳ್ಳೆಯ ದನಿ ಇಲ್ಲ ಎಂದು ನನ್ನ ಹಟ.

ಬೆರಕೆಯ ವಿಷಯಕ್ಕೆ ಬಂದೆ. ಎರಡು ಟೋನ್ ಬಟನ್‌ಗಳನ್ನು ಒಟ್ಟಿಗೆ ಒತ್ತಿದರೆ ಬಹಳಷ್ಟು ಪಿಯಾನೊಗಳಲ್ಲಿ ಲೇಯರ್ ಆಗುತ್ತದೆ, ಒಂದು ಕೀಗೆ ಎರಡು ದನಿ. ಲೋಕವೆಲ್ಲ ಮೊದಲು ಕೈಹಾಕುವುದು ಪಿಯಾನೊ ಜೊತೆ ಸ್ಟ್ರಿಂಗ್ಸ್‌ಗೆ. ಅದಕ್ಕೆ ಕಾರಣವೂ ಇದೆ. ಪಿಯಾನೊ ಸ್ವರ ಹುಟ್ಟುವಾಗಲೇ ಅತ್ಯಂತ ಜೋರು, ಆಮೇಲೆ ಇಳಿಯುವುದೊಂದೇ ಅದರ ಕೆಲಸ. ಸ್ಟ್ರಿಂಗ್ಸ್ ಹುಟ್ಟುವಾಗ ಅಳುಕುತ್ತದೆ, ನಿಧಾನಕ್ಕೆ ತುಂಬಿಕೊಂಡು ಬೆರಳಿರುವಷ್ಟು ಹೊತ್ತೂ ಇರುತ್ತದೆ. ಒಂದು ಇಳಿಯುವ ಹೊತ್ತಿಗೆ ಇನ್ನೊಂದು ಏರಿರುತ್ತದೆ. ಸೇರಿದ ಗಳಿಗೆಯಲ್ಲೇ ನಮ್ಮ ಸಾಧಾರಣ ನುಡಿಸಾಣಿಕೆಗೆ ರಾಜಗಾಂಭೀರ್ಯ ಬಂದುಬಿಡುತ್ತದೆ. ನನಗೆ ಈ ಜೋಡಿಯ ಮೇಲೆ ಗುಮಾನಿ ಇರುವುದು ಅದಕ್ಕೇ. ಏನು ನುಡಿಸಿದರೂ ಭಾವುಕವಾಗಿ ಕೇಳಿಸುವ ದನಿ ಒಂದು ಬಗೆಯ ಹೊಗಳುಭಟ್ಟ. ಅದರ ಮೇಲೆ ಪೆಡಲನ್ನು ಒತ್ತಿಹಿಡಿದರಂತೂ ಮುಗಿಯಿತು. ಪಿಯಾನೊದ ಹಳೆಯ ಸ್ವರಗಳು ತಾವಾಗಿ ಸತ್ತು ಜಾಗ ಬಿಟ್ಟುಕೊಡುತ್ತವೆ, ಸ್ಟ್ರಿಂಗ್ಸ್‌ನ ಸ್ವರಗಳು ಸಾಯದೆ ಒಂದರ ಮೇಲೊಂದು ಕೂತು ಸಂತೆಯಾಗುತ್ತದೆ. ಹಿಂದೆ ಮೆಲೊಟ್ರಾನ್ ಎಂಬ ವಾದ್ಯವಿತ್ತು, 1963ರದು. ಒಂದೊಂದು ಕೀ ಕೆಳಗೂ ಪಿಟೀಲುಗಳನ್ನೋ ಕೊಳಲನ್ನೋ ಧ್ವನಿಮುದ್ರಿಸಿದ ಟೇಪಿನ ಪಟ್ಟಿ. ಕೀ ಒತ್ತಿಹಿಡಿದರೆ ಸುಮಾರು ಎಂಟು ಸೆಕೆಂಡು ನುಡಿದು ಟೇಪು ಮುಗಿದು ದನಿ ನಿಂತೇಹೋಗುತ್ತಿತ್ತು. ಸ್ಟ್ರಿಂಗ್ಸ್‌ಗೆ ಅಂಥ ಒಂದು ಅಂಕೆ ಇರುವುದು ಒಳ್ಳೆಯದೇ.

ಜೋಡಿ ಕೂಡಿಸುವುದರಲ್ಲಿ ಗುಟ್ಟಿರುವುದು ಎರಡು ಕಡೆ. ಒಂದು, ಸ್ವಭಾವ ಬೇರೆಯಿರಬೇಕು. ಎರಡು ಬಗೆಯ ಗ್ರ್ಯಾಂಡ್ ಪಿಯಾನೊಗಳನ್ನು ಸೇರಿಸಿದರೆ ದನಿ ಇಮ್ಮಡಿ ಶ್ರೀಮಂತವಾಗುತ್ತದೆಂದು ಎಣಿಸುತ್ತೇವೆ. ಎಷ್ಟೋ ಸಲ ಒಂದರ ಅಲೆಯನ್ನು ಇನ್ನೊಂದರ ಅಲೆ ಕಡಿದು, ಇಬ್ಬರೂ ಒಟ್ಟಿಗೆ ಮಾತಾಡಿ ಯಾರ ಮಾತೂ ಕೇಳದ ಹಾಗೆ ಟೊಳ್ಳಾಗುತ್ತದೆ. ಇನ್ನೊಂದು, ಬ್ಯಾಲೆನ್ಸ್. ಯಂತ್ರ ಸಾಮಾನ್ಯವಾಗಿ ಇಬ್ಬರಿಗೂ ಸಮಪಾಲು ಕೊಟ್ಟೇ ಶುರುಮಾಡುತ್ತದೆ, ಅದು ಬಹುತೇಕ ಅತಿಯಾಗುತ್ತದೆ. ಎರಡನೆಯ ದನಿಯನ್ನು ತಗ್ಗಿಸುತ್ತ ಹೋಗಬೇಕು, ಇದೆಯೋ ಇಲ್ಲವೋ ಎಂದು ಅನುಮಾನ ಬರುವವರೆಗೆ. ಆಗ ಅದನ್ನು ತೆಗೆದು ನೋಡಿದರೆ ಏನೋ ಖಾಲಿ ಎನ್ನಿಸಬೇಕು. ಹಾಗೆ ಎನ್ನಿಸಿದರೆ ಅಳತೆ ಸರಿ. ನನ್ನ ಮೆಚ್ಚಿನ ಬೆರಕೆ ಎಲೆಕ್ಟ್ರಿಕ್ ಪಿಯಾನೊ, ಅದರ ಮೇಲೆ ಒಂದು ಸ್ಥಾಯಿ ಎತ್ತರದಲ್ಲಿ, ಬಲು ಸಣ್ಣಗೆ, ವೈಬ್ರಾಫೋನ್. ಇದಕ್ಕೆ ಹೊಗಳುಭಟ್ಟತನ ಗೊತ್ತಿಲ್ಲ, ತಪ್ಪು ನುಡಿಸಿದರೆ ತಪ್ಪೇ ಕೇಳಿಸುತ್ತದೆ, ಆದರೆ ಸೊಗಸಾಗಿ.

ಈ ಬೆರಕೆಯೆಲ್ಲ ವಿದ್ಯುತ್ತಿನ ಕಾಲದ ಶೋಕಿ ಎಂದುಕೊಳ್ಳುವುದು ಬೇಡ. ಚರ್ಚಿನ ಪೈಪ್ ಆರ್ಗನ್ ನುಡಿಸುವವರು ಶತಮಾನಗಳಿಂದ ಮಾಡಿಕೊಂಡು ಬಂದದ್ದು ಇದನ್ನೇ. ಒಂದೊಂದು ಗುಂಡಿ ಎಳೆದರೆ ಒಂದೊಂದು ಸಾಲು ಕೊಳವೆಗಳಿಗೆ ಗಾಳಿಯ ದಾರಿ ತೆರೆಯುತ್ತದೆ. ಸಾಲಿನ ಅತಿ ಉದ್ದದ ಕೊಳವೆಯ ಅಳತೆಯೇ ಅದರ ಹೆಸರು. ಎಂಟು ಅಡಿಯ ಸಾಲು ಪಿಯಾನೊದ ಸ್ಥಾಯಿಯಲ್ಲೇ ನುಡಿಯುತ್ತದೆ, ನಾಲ್ಕು ಅಡಿಯದು ಒಂದು ಸ್ಥಾಯಿ ಮೇಲೆ, ಹದಿನಾರು ಅಡಿಯದು ಒಂದು ಸ್ಥಾಯಿ ಕೆಳಗೆ. ಎರಡೂ ಮುಕ್ಕಾಲಿಗೆ ಕೊಂಚ ಕಡಿಮೆ ಅಡಿಯ ಒಂದು ಸಾಲಿದೆ. ಅದನ್ನೂ ತೆರೆದರೆ ಷಡ್ಜ ಒತ್ತಿದಾಗ ಜೊತೆಗೆ ತಾರದ ಪಂಚಮವೂ ನುಡಿಯುತ್ತದೆ. ಆದರೆ ಕಿವಿಗೆ ಎರಡು ಸ್ವರ ಕೇಳಿಸುವುದಿಲ್ಲ, ಹೊಳಪು ಹೆಚ್ಚಿದ ಒಂದೇ ಷಡ್ಜ ಕೇಳಿಸುತ್ತದೆ. 1935ರಲ್ಲಿ ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್ ಇದೇ ತತ್ವವನ್ನು ಒಂಬತ್ತು ಎಳೆಗುಂಡಿಗಳಲ್ಲಿ ಇಟ್ಟಿತು. ಅವುಗಳಲ್ಲೊಂದು ಎರಡು ಸ್ಥಾಯಿ ಮೇಲಿನ ಗಾಂಧಾರವನ್ನು ಸೇರಿಸುತ್ತದೆ. ತಂಬೂರಿಯ ಮಂದ್ರ ತಂತಿ ಮೀಟಿ ಸುಮ್ಮನೆ ಕೂತರೆ ಯಾರೂ ನುಡಿಸದ ಗಾಂಧಾರವೊಂದು ತಾನಾಗಿ ಕೇಳಿಬರುತ್ತದಲ್ಲ, ಸ್ವಯಂಭು ಗಾಂಧಾರ, ಅದೂ ಇದೇ, ಮೂಲ ಸ್ವರದ ಐದು ಪಟ್ಟು ವೇಗದಲ್ಲಿ ಕಂಪಿಸುವ ಉಪಸ್ವರ. ತಂಬೂರಿ ಕೇಳಿ ಬೆಳೆದ ಕಿವಿಗೆ ಆ ಎಳೆಗುಂಡಿಯ ಪರಿಚಯ ಯಾರೂ ಮಾಡಿಸಬೇಕಾಗಿಲ್ಲ.

ಅಷ್ಟೇಕೆ, ‘ಶುದ್ಧ’ ಎಂದು ಗುರುಗಳು ಎತ್ತಿಹಿಡಿಯುವ ಗ್ರ್ಯಾಂಡ್ ಪಿಯಾನೊ ಟೋನಿನ ಒಳಗೆ ಇಣುಕಿ ನೋಡಿ. ನಿಜವಾದ ಪಿಯಾನೊದಲ್ಲಿ ಎಡತುದಿಯ ಕೆಲವು ಸ್ವರಗಳಿಗೆ ಒಂದು ತಂತಿ, ಆಮೇಲಿನ ಕೆಲವಕ್ಕೆ ಎರಡು, ಉಳಿದ ಬಹುಪಾಲು ಸ್ವರಗಳಿಗೆ ಮೂರು ಮೂರು ತಂತಿ. ಆ ಮೂರು ತಂತಿಗಳು ಶ್ರುತಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದಾಗಲೇ ದನಿಗೆ ಜೀವ. ಆ ಅಂತರ ಜಾಸ್ತಿಯಾದರೆ ಹಳೆಯ ಹೋಟೆಲಿನ ಕೆಟ್ಟ ಪಿಯಾನೊದಂತೆ ಕೇಳಿಸುತ್ತದೆ, ಅದಕ್ಕೂ ‘ಹಾಂಕಿ ಟಾಂಕ್’ ಎಂಬ ಹೆಸರಿಟ್ಟು ಜನರಲ್ ಮಿಡಿ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಕೊಟ್ಟಿದ್ದಾರೆ.

ಸ್ಪ್ಲಿಟ್ ಬಗ್ಗೆ ಹೆಚ್ಚು ಹೇಳಲಾರೆ. ಕೀಲಿಮಣೆಯನ್ನು ಎರಡು ಪಾಲು ಮಾಡಿ ಎಡಕ್ಕೆ ಬಾಸ್, ಬಲಕ್ಕೆ ಪಿಯಾನೊ ಇಡುವ ಏರ್ಪಾಡು ಅದು. ಒಬ್ಬನೇ ಇಬ್ಬರ ಕೆಲಸ ಮಾಡಬಹುದು. ಆದರೆ ಪಾಲಾದ ಮನೆಯಲ್ಲಿ ಗಡಿಯ ಜಗಳ ತಪ್ಪಿದ್ದಲ್ಲ. ರಾಗ ಕೆಳಗಿಳಿಯುತ್ತ ಒಂದು ಕೀ ಆಚೆ ಕಾಲಿಟ್ಟರೆ ಪಿಯಾನೊ ಇದ್ದಕ್ಕಿದ್ದಂತೆ ಗಡಸು ಗಂಟಲಿನಲ್ಲಿ ‘ಡುಂ’ ಎನ್ನುತ್ತದೆ. ಬಹಳಷ್ಟು ಪಿಯಾನೊಗಳಲ್ಲಿ ಗಡಿಯನ್ನು ಬೇಕಾದಲ್ಲಿಗೆ ಸರಿಸಿಕೊಳ್ಳಬಹುದು. ಸರಿಸುವ ಕ್ರಮ ಕೈಪಿಡಿಯಲ್ಲಿರುತ್ತದೆ, ಕೈಪಿಡಿ ಇರುವ ಜಾಗ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಹದ ಮಾಡಿದ ಬೆರಕೆಯನ್ನು ಯಂತ್ರ ತಾನಾಗಿ ನೆನಪಿಡುವುದಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಏನೂ ಆಗಿಲ್ಲವೆಂಬಂತೆ ಗ್ರ್ಯಾಂಡ್ ಪಿಯಾನೊಗೆ ಬಂದು ನಿಂತಿರುತ್ತದೆ. ಕೆಲವು ಮಾದರಿಗಳಲ್ಲಿ ಉಳಿಸಿಡಲು ಕೆಲವು ಖಾನೆಗಳಿರುತ್ತವೆ. ಅವಕ್ಕೆ ಹೆಸರಿಡುವ ಸೌಕರ್ಯ ಎಲ್ಲದರಲ್ಲೂ ಇರುವುದಿಲ್ಲ, ಬರೀ ಸಂಖ್ಯೆ. ಹಾಗಾಗಿ ಹೊಸ ಬೆರಕೆ ಉಳಿಸುವ ಮುನ್ನ ಹಳೆಯವನ್ನೆಲ್ಲ ಒಮ್ಮೆ ನುಡಿಸಿ, ಯಾವುದನ್ನು ಅಳಿಸಬೇಕೆಂದು ತೀರ್ಮಾನಿಸಬೇಕು. ಮೂರನೆಯ ಖಾನೆಯಲ್ಲಿ ಪಿಯಾನೊ ಜೊತೆಗೆ ಚಪ್ಪಾಳೆ ಇದೆ. ಅದರಿಂದ ಯಾವ ಉಪಯೋಗವೂ ಇಲ್ಲ, ಅಳಿಸಲು ಮನಸ್ಸೂ ಇಲ್ಲ. ಈ ಸಲವೂ ಐದನೆಯದನ್ನೇ ಅಳಿಸುತ್ತೇನೆ, ಅದು ಬರೀ ಸ್ಟ್ರಿಂಗ್ಸ್.