ಕೈ ಹಿಡಿದು ಮಡಿಸಬೇಡಿ

ಕಣ್ಣು ಕಾಣದ ಮಕ್ಕಳಿಗೆ ಒರಿಗಾಮಿ, ಅಂದರೆ ಕಾಗದ ಮಡಿಸಿ ಆಕಾರ ಮಾಡುವ ಕಲೆ, ಕಲಿಸುವ ಬಗ್ಗೆ ಒಂದು ಲೇಖನ ಓದಿದೆ, ಇಷ್ಟವಾಯಿತು. ಆದರೆ ಅದರಲ್ಲಿನ "ಮಗುವಿನ ಕೈ ಹಿಡಿದು ಮಡಿಸಿ" ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಮಡಿಸುವವರು ನಾವೇ, ಮಗುವಿನ ಕೈ ಸುಮ್ನೆ ಜೊತೆಗಿರುತ್ತದೆ ಅಷ್ಟೇ. ನಮ್ಮ ಕೈ ಮೇಲೆ ಅವರು ಕೈಯಿಟ್ಟು ತಿಳಿದುಕೊಳ್ಳುವುದು ಮೇಲು, ಅಲ್ವಾ?

ನಮ್ಮದು ಚಿಕ್ಕಮಗಳೂರು. ಅಕ್ಕನ ಮಗಳಿಗೆ ದೃಷ್ಟಿಯಿಲ್ಲ. ಕಲಿಸುವಾಗ ನಾನು ಅವಳ ಪಕ್ಕದಲ್ಲೇ ಕೂರುತ್ತೇನೆ. ಎದುರು ಕೂತರೆ ನನ್ನ ಎಡ ಅವಳ ಬಲವಾಗಿ ಎಲ್ಲ ಗೊಂದಲ. "ಹೀಗೆ ಮಾಡು", "ಇಲ್ಲಿ ಮಡಿಸು" ಎಂಬ ಮಾತು ಬಿಟ್ಟೇಬಿಡಬೇಕು. "ನಿನ್ನ ಹತ್ತಿರದ ಅಂಚನ್ನು ಆಚೆ ಅಂಚಿಗೆ ಸೇರಿಸು, ಮೂಲೆಗೆ ಮೂಲೆ ಕೂಡಿತಾ ಮುಟ್ಟಿ ನೋಡು, ಆಮೇಲೆ ನಡುವಿನಿಂದ ಎರಡೂ ಕಡೆಗೆ ಉಗುರಿನಲ್ಲಿ ತೀಡು" ಎಂದರೆ ಕೆಲಸ ಆಗುತ್ತದೆ. ಒಂದೊಂದು ಹಂತದ ಮಾದರಿಯನ್ನೂ ಸಾಲಾಗಿ ರಟ್ಟಿಗೆ ಅಂಟಿಸಿಟ್ಟರೆ ಇನ್ನೂ ಒಳ್ಳೆಯದು. ಪುಸ್ತಕದ ಚಿತ್ರಗಳ ಕೆಲಸ ಅದೇ ಮಾಡುತ್ತದೆ.

ಜಪಾನಿನ ಹೆಸರಾಂತ ಒರಿಗಾಮಿ ಕಲಾವಿದ ಸಬುರೊ ಕಾಸೆ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಲೇಖನದಲ್ಲಿ ಅವರ ಹೆಸರು ಬರಬೇಕಿತ್ತು.

ಇನ್ನು ಕಾಗದ. ಬ್ರೈಲ್ (ಬೆರಳಿನಲ್ಲಿ ಮುಟ್ಟಿ ಓದುವ ಉಬ್ಬು ಚುಕ್ಕಿಗಳ ಲಿಪಿ) ಬರೆಯುವ ಕಾಗದ ದಪ್ಪ. ದೊಡ್ಡ ಮಡಿಕೆಗೆ ಪರವಾಗಿಲ್ಲ, ಕಾಗದದ ಕೊಕ್ಕರೆಯ ಕೊಕ್ಕಿನಂಥ ಸಣ್ಣ ಮಡಿಕೆಗೆ ಆಗುವುದಿಲ್ಲ. ಒಂದು ಬದಿ ನುಣುಪು, ಇನ್ನೊಂದು ಒರಟು ಇದ್ದರೆ ಒಳಗು ಹೊರಗು ಬೆರಳಿಗೇ ಗೊತ್ತಾಗುತ್ತದೆ. ಸ್ವಲ್ಪ ಕಾಣುವವರಿಗೆ ಕಪ್ಪು ಬಟ್ಟೆಯ ಮೇಲೆ ಹಳದಿ ಕಾಗದ ಕೊಡಿ, ಹೊಳೆಯುವ ಕಾಗದ ಬೇಡ. ನಮ್ಮ ಕಡೆ ಮಳೆಗಾಲದಲ್ಲಂತೂ ಕಾಗದ ಥಂಡಿ ಹಿಡಿದು ಮಡಿಕೆ ನಿಲ್ಲುವುದೇ ಇಲ್ಲ. ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಇಟ್ಟುಕೊಳ್ಳಿ.