ಕಲ್ಲುಸಕ್ಕರೆ ಚಿಟ್ ಅಂದಾಗ

ಎಮ್ಡೆನ್‌ನಲ್ಲಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಎಂಟೂಮುಕ್ಕಾಲಿಗೆ. ಸಂಜೆ ನಾಲ್ಕೂಕಾಲಿಗೆಲ್ಲ ಅವನ ಡ್ಯೂಟಿ ಮುಗಿಯುತ್ತದೆ. ಜರ್ಮನಿ ಅಂದ ತಕ್ಷಣ ಊರಲ್ಲಿ ಎಲ್ಲರೂ ಹಿಮದ ಫೋಟೊ ಕೇಳುತ್ತಾರೆ. ಉತ್ತರ ಸಮುದ್ರದ ಅಂಚಿನ ಈ ಓಸ್ಟ್‌ಫ್ರೀಸ್‌ಲ್ಯಾಂಡ್‌ನಲ್ಲಿ ಹಿಮ ಅಪರೂಪ. ಇರುವುದು ಗಾಳಿ, ಅಡ್ಡಡ್ಡ ಬೀಳುವ ಜಿಟಿಜಿಟಿ ಮಳೆ. ಕೊಡೆ ಬಿಚ್ಚಿದವನು ಹೊಸಬ ಅಂತ ಬೀದಿಗೇ ಗೊತ್ತಾಗುತ್ತದೆ.

ಹೊರದೇಶದಲ್ಲಿರುವ ನಮ್ಮವರದ್ದು ಒಂದೇ ರಾಗ: ‘ಇಲ್ಲಿಯವರಿಗೆ ಟೀ ಮಾಡೋಕೆ ಬರಲ್ಲ.’ ನಾನೂ ಹಾಡಿದವನೇ. ಈಗ ಬಿಟ್ಟಿದ್ದೇನೆ. ಕಾಫಿ ಕುಡಿಯುವ ದೇಶದ ಈ ಮೂಲೆಯಲ್ಲಿ ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಟೀ ಖರ್ಚಾಗುತ್ತದೆ. ಸೊಪ್ಪು ಹೆಚ್ಚಾಗಿ ನಮ್ಮ ಅಸ್ಸಾಮಿನದೇ. ದುಡ್ಡು ದೇಶದ ಹೊರಗೆ ಹೋಗುತ್ತೆ ಅಂತ 1778ರ ಹೊತ್ತಿಗೆ, ಆಗ ಈ ನಾಡನ್ನು ಆಳುತ್ತಿದ್ದ ಪ್ರಷ್ಯದ ರಾಜ ಫ್ರೆಡ್ರಿಕ್ ಇವರಿಗೆ ಟೀ ಬಿಡಿಸಲು ಹೋಗಿ ಸೋತಿದ್ದ.

ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಅಜ್ಜಿ ಟೀಗೆ ಕರೆದರು. ಅಂಗೈಯಲ್ಲಿ ಅಡಗುವ ತೆಳ್ಳನೆಯ ಪಿಂಗಾಣಿ ಬಟ್ಟಲು. ಅದರಲ್ಲಿ ದಪ್ಪನೆಯ ಒಂದು ಕಲ್ಲುಸಕ್ಕರೆ ತುಂಡು. ಇಲ್ಲಿ ಕ್ಲುಂಟ್ಯೆ ಅಂತಾರೆ. ನಮ್ಮಲ್ಲಿ ಪ್ರಸಾದಕ್ಕೆ, ಕೆಮ್ಮಿಗೆ ಬಿಟ್ಟರೆ ಅದನ್ನು ಯಾರು ಕೇಳ್ತಾರೆ? ಬಿಸಿ ಟೀ ಮೇಲೆ ಬೀಳುತ್ತಲೇ ಅದು ಚಿಟ್ ಚಿಟ್ ಅಂತ ಬಿರುಕು ಬಿಟ್ಟಿತು. ಅಜ್ಜಿ ಪುಟ್ಟ ಸೌಟಿನಲ್ಲಿ ಕೆನೆ ತೆಗೆದು ಬಟ್ಟಲಿನ ಅಂಚಿಗೆ ಮೆಲ್ಲಗೆ ಇಳಿಸಿದರು. ಕೆನೆ ತಳಕ್ಕೆ ಹೋಗಿ, ಮೋಡದ ಹಾಗೆ ಮೇಲೆದ್ದು ಬಂತು. ನಾನು ಚಮಚ ಹಾಕಿ ಗರಗರ ತಿರುಗಿಸಿಬಿಟ್ಟೆ. ಅಜ್ಜಿ ಮುಖ ನೋಡಬೇಕಿತ್ತು! ಕಲಕಬಾರದಂತೆ. ಮೊದಲು ಕೆನೆ, ಆಮೇಲೆ ಒಗರು, ತಳದಲ್ಲಿ ಸಿಹಿ.

ಬಟ್ಟಲು ಖಾಲಿಯಾದ ಹಾಗೆಲ್ಲ ತುಂಬುತ್ತಲೇ ಇದ್ದರು. ಬೇಡ ಅನ್ನಲು ಸಂಕೋಚ, ಆರು ಬಟ್ಟಲು ಕುಡಿದೆ. ಸಾಕಾದರೆ ಚಮಚವನ್ನು ಬಟ್ಟಲೊಳಗೆ ಇಡಬೇಕು ಅಂತ ಮಾರನೇ ದಿನ ಆಫೀಸಿನಲ್ಲಿ ಗೊತ್ತಾಯಿತು. ನಾವು ಊಟದೆಲೆ ಮಡಚುವ ಹಾಗೆ, ಅಲ್ವಾ? ಮೂರು ಬಟ್ಟಲಿಗಿಂತ ಮುಂಚೆ ಏಳುವುದು ಮಾತ್ರ ಮರ್ಯಾದೆಯಲ್ಲ. ಆ ರಾತ್ರಿ ಎರಡಾದರೂ ನಿದ್ದೆ ಇಲ್ಲ.

ಋಣ ತೀರಿಸೋಣ ಅಂತ ನಮ್ಮ ಶುಂಠಿ ಟೀ ಮಾಡಿ ಕೊಟ್ಟೆ. ‘ರುಚಿಯಾಗಿದೆ. ಆದರೆ ಇದು ಸೂಪ್’ ಅಂದರು. ಬೇಜಾರಾಗಲಿಲ್ಲ. ನಿಜ ಹೇಳಿ, ಹಾಲಲ್ಲಿ ಕುದಿಸಿ ಕುದಿಸಿ, ಏಲಕ್ಕಿ ಶುಂಠಿ ಜಜ್ಜಿ ಹಾಕಿದ ಮೇಲೆ ನಮಗೆ ಸಿಗುವುದು ಟೀ ರುಚಿಯಾ, ಶುಂಠಿ ರುಚಿಯಾ? ನಂಗೆ ಅದೂ ಬೇಕು, ಬಿಡಿ. ಆದರೆ ಅದೊಂದೇ ಟೀ ಅನ್ನುವ ಜಂಬ ಇಳಿದಿದೆ.

ಊಟದ ವಿಷಯದಲ್ಲಿ ಇನ್ನೂ ಅಷ್ಟು ದೊಡ್ಡ ಮನಸ್ಸು ಬಂದಿಲ್ಲ. ರಾತ್ರಿ ತಣ್ಣನೆ ಬ್ರೆಡ್, ಚೀಸ್ ತಿಂದು ಮಲಗುವುದು ನನ್ನಿಂದಾಗದು. ಚಳಿಗಾಲದಲ್ಲಿ ಕೈಹಿಡಿಯುವುದು ಗ್ರ್ಯುನ್‌ಕೋಲ್ ಅನ್ನುವ ಗುಂಗುರು ಸೊಪ್ಪು. ಚಳಿ ತಾಗಿದರೆ ಎಲೆಗೆ ಸಿಹಿ ಏರುತ್ತದೆ. ಇವರು ಅದನ್ನು ಪಿಂಕೆಲ್ ಅನ್ನುವ ಸಾಸೇಜ್ ಜೊತೆ ಗಂಟೆಗಟ್ಟಲೆ ಬೇಯಿಸುತ್ತಾರೆ. ನಾನು ಟರ್ಕಿಯವರ ಅಂಗಡಿಯಿಂದ ಅಲಸಂದೆ ಕಾಳು ತಂದು, ಎರಡನ್ನೂ ಬೇಯಿಸಿ, ಕಟ್ಟು ಬಸಿದು ಬಸ್ಸಾರು ಮಾಡುತ್ತೇನೆ. ಹಾಸನದಿಂದ ಸೂಟ್‌ಕೇಸಿನಲ್ಲಿ ಬಂದ ರಾಗಿ ಹಿಟ್ಟು ಇದ್ದರೆ ಮುದ್ದೆಯೂ ಉಂಟು.

ಕಳೆದ ಭಾನುವಾರ ಅಜ್ಜಿಗೆ ಒಂದು ಡಬ್ಬಿ ಕೊಟ್ಟುಬಂದೆ. ಸಂಜೆ ತೊಳೆದ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಪೂರ್ತಿ ಖಾಲಿ ಮಾಡಿದ್ದರಂತೆ. ಒಂದೇ ಪ್ರಶ್ನೆ: ‘ಸಾಸೇಜ್ ಹಾಕೋದು ಮರೆತೆಯಾ?’